ಪದಚರ್ಚೆ: ಹೆಂಗಸರೇ ಹೆಂಗಸರಿಗಾಗಿ ತೆಗೆದ ‘ಎರೋಟಿಕ್’ ಸಿನಿಮಾಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದೇ ಪದಕ್ಕೆ ಸಿಕ್ಕಿಹಾಕಿಕೊಂಡು ನಾಲ್ಕು ದಿನ ಆಯಿತು. ಕ್ಯಾಂಡಿಡಾ ರಾಯಲ್ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಮೆರಿಕದವರು. ಮೊದಲು ಪೋರ್ನ್ ಚಿತ್ರಗಳಲ್ಲಿ ನಟಿಸುತ್ತಿದ್ದರು. 1984ರಲ್ಲಿ ನ್ಯೂಯಾರ್ಕಿನಲ್ಲಿ ಫೆಮ್ ಪ್ರೊಡಕ್ಷನ್ಸ್ ಅಂತ ತಮ್ಮದೇ ಕಂಪನಿ ಶುರು ಮಾಡಿದರು. ಹೆಂಗಸರು ನೋಡುವಂಥ, ಜೋಡಿಗಳು ಒಟ್ಟಿಗೆ ಕೂತು ನೋಡುವಂಥ ಚಿತ್ರ ಮಾಡಬೇಕು ಅನ್ನೋದು ಅವರ ಆಸೆ. ವಿಡಿಯೊ ಕ್ಯಾಸೆಟ್ ಮನೆಗಳಿಗೆ ಬರುತ್ತಿದ್ದ ಕಾಲ ಅದು. ಪೋರ್ನ್ ಚಿತ್ರ ತೋರಿಸುವ ಥಿಯೇಟರುಗಳ ಕಡೆ ತಲೆಹಾಕದ ಹೆಂಗಸರೂ ಮನೆಯಲ್ಲೇ ನೋಡಬಹುದಿತ್ತು. ಗಂಡಿನ ಸುಖ ಮುಗಿದ ಕೂಡಲೇ ದೃಶ್ಯವೂ ಮುಗಿಯುವ ಮಾಮೂಲಿ ಶಾಟನ್ನು ರಾಯಲ್ ಕೈಬಿಟ್ಟರು. ಕಥೆ, ಮಾತು, ಮುದ್ದು ಜಾಸ್ತಿ ಮಾಡಿದರು. 2015ರಲ್ಲಿ ತೀರಿಕೊಂಡರು.

ಲೇಖನದಲ್ಲಿ ಡೆನ್ಮಾರ್ಕ್, ಸ್ವೀಡನ್ ಕೂಡ ಬರುತ್ತವೆ. 1990ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ಝೆಂಟ್ರೋಪಾ ಅನ್ನೋ ಸಿನಿಮಾ ಸಂಸ್ಥೆ ಹೆಂಗಸರಿಗಾಗಿ ಇಂಥ ಚಿತ್ರ ಮಾಡಲು ಹೊರಟು, ಕಥೆ ಇರಲೇಬೇಕು, ಹೆಣ್ಣಿನ ಸುಖ ಮುಖ್ಯವಾಗಬೇಕು ಅಂತ ನಿಯಮಗಳನ್ನೇ ಬರೆದಿಟ್ಟುಕೊಂಡಿತ್ತು. ಸ್ವೀಡನ್ನಿನಲ್ಲಿ 2009ರಲ್ಲಿ ನಿರ್ದೇಶಕಿ ಮಿಯಾ ಎಂಗ್‌ಬರ್ಗ್ ಮುಂದೆ ನಿಂತು, ಮೊಬೈಲ್ ಕ್ಯಾಮೆರಾದಲ್ಲಿ ತೆಗೆದ ಇಂಥ ಕಿರುಚಿತ್ರಗಳ ಒಂದು ಸರಣಿ ಹೊರತಂದರು. ಅದಕ್ಕೆ ಅಲ್ಲಿನ ಸರ್ಕಾರಿ ದುಡ್ಡೂ ಸಿಕ್ಕಿತ್ತು. ಗಲಾಟೆಯೂ ಆಯಿತು.

ಸರಿ, ಇವಕ್ಕೆಲ್ಲ ಸೇರಿಸಿ ಕನ್ನಡದಲ್ಲಿ ಏನನ್ನೋದು?

‘ನೀಲಿಚಿತ್ರ’ ಮೊದಲೇ ಬಿಟ್ಟೆ. ಆ ಪದ ಕೇಳಿದರೆ ಪೊಲೀಸ್ ದಾಳಿ, ಮೂವರ ಬಂಧನ, ಸಿ.ಡಿ. ವಶ ಅನ್ನೋ ಸುದ್ದಿಯೇ ಕಣ್ಮುಂದೆ ಬರುತ್ತದೆ. ‘ಅಶ್ಲೀಲ’ ಅನ್ನೋದು ಚಿತ್ರದ ಹೆಸರಲ್ಲ, ತೀರ್ಪು. ‘ವಯಸ್ಕರ ಚಿತ್ರ’ ಅಂದರೆ ಮಚ್ಚು ಬೀಸುವ ಸಿನಿಮಾವೂ ಅದರಲ್ಲೇ ಬಂತು.

‘ಶೃಂಗಾರ’ ಒಳ್ಳೆಯ ಪದವೇ. ಆದರೆ ಇವತ್ತು ಮದುಮಗಳಿಗೂ ಶೃಂಗಾರ, ದೇವರಿಗೂ ಶೃಂಗಾರ. ಅದಕ್ಕಿಂತ ನನ್ನನ್ನು ತಡೆದದ್ದು ಗಾಯಕಿ ಬೆಂಗಳೂರು ನಾಗರತ್ನಮ್ಮನವರ ಕಥೆ. ನಂಜನಗೂಡಿನ ಕಡೆಯವರು. ತಂಜಾವೂರಿನ ಕವಯಿತ್ರಿ ಮುದ್ದುಪಳನಿ ಬರೆದ ತೆಲುಗು ಶೃಂಗಾರಕಾವ್ಯವನ್ನು 1910ರಲ್ಲಿ ಮತ್ತೆ ಅಚ್ಚು ಹಾಕಿಸಿದರು. ಹೆಂಗಸು ಹೀಗೆಲ್ಲ ಬರೆಯಬಹುದೇ ಅಂತ ಆಗಿನ ದೊಡ್ಡವರಿಗೆ ಸಿಟ್ಟು. ಗಂಡು ಕವಿಗಳು ಇದಕ್ಕಿಂತ ಜಾಸ್ತಿ ಬರೆದಿಲ್ಲವೇ ಅಂತ ನಾಗರತ್ನಮ್ಮ ಕೇಳಿದರು. ಪುಸ್ತಕ ಮಾತ್ರ ನಿಷೇಧವಾಯಿತು. ಅಂದರೆ ಬರೆದವಳು ಹೆಣ್ಣಾದ ಕೂಡಲೇ ಶೃಂಗಾರದ ಹೆಸರು ಅಶ್ಲೀಲ ಅಂತ ಬದಲಾಗುತ್ತಿತ್ತು. ಅಂಥ ಪದವನ್ನು ನಂಬಿಕೊಂಡು ಲೇಖನ ಬರೆಯಲು ಧೈರ್ಯ ಬರಲಿಲ್ಲ.

ಹಳಗನ್ನಡದಲ್ಲಿ ‘ಬೇಟ’ ಇದೆ. ಒಲವು, ಮೋಹ ಅಂತ ಅರ್ಥ. ತುಂಬ ಚೆಂದದ ಪದ. ಆದರೆ ‘ಬೇಟದ ಚಿತ್ರ’ ಅಂತ ಬರೆದರೆ ಓದುವವರು ಕಾಡಲ್ಲಿ ಹುಲಿ ಹುಡುಕುತ್ತಾರೆ.

ಆದರೆ ನಿಜವಾದ ತೊಡಕು ‘ಎರೋಟಿಕ್’ ಅಲ್ಲ, ‘ಹೆಂಗಸರ’ ಅನ್ನೋದರಲ್ಲಿದೆ. ‘ಹೆಂಗಸರ ಕಾಮಚಿತ್ರ’ ಅಂತ ಬರೆದು ನೋಡಿದೆ. ಅದು ಹೆಂಗಸರನ್ನು ತೋರಿಸುವ ಚಿತ್ರವೂ ಆಗಬಹುದು, ಹೆಂಗಸರು ತೆಗೆದದ್ದೂ ಆಗಬಹುದು, ಹೆಂಗಸರು ನೋಡಲೆಂದು ಮಾಡಿದ್ದೂ ಆಗಬಹುದು. ಒಂದು ‘ಅ’ ಪ್ರತ್ಯಯ ಎಲ್ಲವನ್ನೂ ಹೊತ್ತುಕೊಂಡು ಕೂತಿದೆ. ಸುಮ್ನೆ ಓದಿದವರಿಗೆ ಮೊದಲ ಅರ್ಥವೇ ಹೊಳೆಯುತ್ತದೆ, ಅಲ್ವಾ? ರಾಯಲ್ ಯಾವುದರ ವಿರುದ್ಧ ಎದ್ದರೋ ಅದೇ ಅರ್ಥ!

‘ಹೆಣ್ಣುನೋಟದ ಸಿನಿಮಾ’ ಅಂತ ಇನ್ನೊಂದು ಹೊಳೆಯಿತು. ಸ್ತ್ರೀದೃಷ್ಟಿ ಅನ್ನೋದಕ್ಕಿಂತ ಹಗುರಾಗಿದೆ ಅಂತ ಖುಷಿಪಟ್ಟು ಅತ್ತೆಯ ಹತ್ತಿರ ಹೇಳಿದೆ. “ಯಾರಿಗೆ ಹೆಣ್ಣು ನೋಡ್ತಿದೀರಿ?” ಅಂದರು. ತಲೆ ಮೇಲೆ ನೀರು ಸುರಿದ ಹಾಗಾಯಿತು. ನಮ್ಮ ಮಾತಿನಲ್ಲಿ ‘ಹೆಣ್ಣು ನೋಡುವುದು’ ಅಂದರೆ ಹೆಣ್ಣು ನೋಡುವುದಿಲ್ಲ. ಅವಳು ಕಾಫಿ ತಟ್ಟೆ ಹಿಡಿದು ತಲೆ ತಗ್ಗಿಸುತ್ತಾಳೆ, ನೋಡುವವರು ಸೋಫಾದ ಮೇಲೆ ಕೂತಿರುತ್ತಾರೆ. ‘ಗಂಡು ನೋಡುವುದು’ ಅಂತಲೂ ಅನ್ನುತ್ತೇವೆ, ಆದರೆ ಅಲ್ಲಿ ನೋಡಲು ಹೋಗುವವರು ಹುಡುಗಿಯ ಅಪ್ಪ, ಸೋದರಮಾವ.

ಕೊನೆಗೆ ‘ಬಯಕೆ’ಯ ಹತ್ತಿರ ಬಂದು ನಿಂತಿದ್ದೇನೆ. ಇದು ಅಚ್ಚಗನ್ನಡ, ಎಲ್ಲರಿಗೂ ಗೊತ್ತು. ಬಯಕೆ ಅಂದಾಗ ಬಯಸುವವಳು ಹೆಣ್ಣೇ ಅನ್ನುವುದು ನಮ್ಮ ಕಿವಿಗೆ ಆಗಲೇ ಪರಿಚಯ. ಹೇಗೆ ಅಂದರೆ, ಬಸುರಿ ಬಯಕೆ. ಮಾವಿನಕಾಯಿ, ಹುಣಸೆಹಣ್ಣು. ನಾಚದೆ ಬಾಯಿಬಿಟ್ಟು ಕೇಳು ಅಂತ ಮನೆಯವರೇ ಹೆಣ್ಣಿಗೆ ಹೇಳುವುದು ಆ ಕೆಲವು ತಿಂಗಳು ಮಾತ್ರ ಅನ್ನಿಸುತ್ತದೆ. ಆ ಪದವನ್ನು ಇಲ್ಲಿಗೆ ಎಳೆದು ತಂದರೆ ತಪ್ಪೇನು? ‘ಬಯಕೆಚಿತ್ರ’. ಲೇಖನದಲ್ಲಿ ಮೊದಲ ಸಲ ‘ಹೆಂಗಸರೇ ಹೆಂಗಸರಿಗಾಗಿ ತೆಗೆದ ಬಯಕೆಚಿತ್ರ’ ಅಂತ ಉದ್ದಕ್ಕೆ ಬರೆದು, ಆಮೇಲೆ ಬರೀ ‘ಬಯಕೆಚಿತ್ರ’ ಅನ್ನೋಣ ಅಂತಿದ್ದೇನೆ. ಯಾರು ತೆಗೆದದ್ದು ಅನ್ನೋ ಗೊಂದಲವನ್ನು ಆ ‘ಏ’ ಬಿಡಿಸುತ್ತದೆ.

ನನ್ನ ಅನುಮಾನ ಇಷ್ಟು. ‘ಬಯಕೆಚಿತ್ರ’ ತೀರಾ ಮೆದುವಾಯಿತೇ? ಇವು ಮೈ ಮುಚ್ಚಿಕೊಂಡ ಚಿತ್ರಗಳಲ್ಲ. ಮರದ ಸುತ್ತ ಸುತ್ತುವ ಹಾಡಿನ ಹಾಗೆ ಕೇಳಿಸಿದರೆ ಅದೂ ಮೋಸವೇ. ಇನ್ನೊಂದು, ‘ಹೆಂಗಸು’ ನಮ್ಮ ಕಡೆ ಸಹಜ, ಕೆಲವರಿಗೆ ಒರಟು. ‘ಮಹಿಳಾ’ ಅಂತ ಹಾಕಿದರೆ ಮಹಿಳಾ ಮಂಡಳಿಯ ವಾರ್ಷಿಕೋತ್ಸವ ನೆನಪಾಗುತ್ತದೆ.

ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ. ನಿಮ್ಮಲ್ಲಿ ‘ಬಯಕೆ’ ಅಂದ ಕೂಡಲೇ ಹೊಳೆಯುವುದು ಬಸುರಿಯೋ, ಮೋಹವೋ? ಹೆಂಗಸರು ತಮ್ಮತಮ್ಮಲ್ಲೇ ಇಂಥ ವಿಷಯ ಮಾತಾಡುವಾಗ ಬಳಸುವ ಬೇರೆ ಪದ ಇದ್ದರೆ ಅದನ್ನೂ ಬರೆಯಿರಿ. ಶುಕ್ರವಾರದೊಳಗೆ ಲೇಖನ ಕಳಿಸಬೇಕು.