ಥೆರಪಿಯಿಂದ ಮಗು ಸುಧಾರಿಸುತ್ತಿದೆಯೇ ಎಂದು ಅಳೆಯುವುದು ಹೇಗೆ?

ಗೋವಾದ ಫೋಂಡಾದಿಂದ ಒಬ್ಬ ತಾಯಿ ಕೇಳಿದ್ದಾರೆ: ಆಟಿಸಂ ಇರುವ ನಾಲ್ಕು ವರ್ಷದ ಮಗನಿಗೆ ಸ್ಪೀಚ್ ಥೆರಪಿ ನಡೆಯುತ್ತಿದೆ. ಥೆರಪಿಸ್ಟ್ ಸುಧಾರಣೆ ಇದೆ ಎನ್ನುತ್ತಾರೆ, ಅತ್ತೆಯವರು ಏನೂ ಇಲ್ಲ ಎನ್ನುತ್ತಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ವಾಸ್ಕೋದಿಂದ ಒಬ್ಬ ತಂದೆ:
ಮೇಡಂ, ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ಮಾಡುವ ಐ.ಎಸ್.ಎ.ಎ. (ಆಟಿಸಂನ ತೀವ್ರತೆ ಅಳೆಯುವ ಭಾರತೀಯ ಮಾಪಕ) ಅಂಕ ನಿಮ್ಮ ಬಳಿ ಇರಬಹುದು. 40 ಅಂಶಗಳ ಆ ಮಾಪಕದಲ್ಲಿ 70ರಿಂದ 106 ಸೌಮ್ಯ, 153ರವರೆಗೆ ಮಧ್ಯಮ, ಅದಕ್ಕೂ ಮೇಲಾದರೆ ತೀವ್ರ. ಕೆಲವು ತಿಂಗಳ ಥೆರಪಿಯ ಫಲವನ್ನು ಅದರಲ್ಲಿ ಹುಡುಕುವುದು ನನಗೆ ಸರಿಯೆನಿಸುವುದಿಲ್ಲ. ಅಮೆರಿಕದ ರಿಮ್‌ಲ್ಯಾಂಡ್ ಮತ್ತು ಎಡೆಲ್ಸನ್ ಚಿಕಿತ್ಸೆಯ ಪರಿಣಾಮ ನೋಡಲೆಂದೇ ರೂಪಿಸಿದ ಎಟೆಕ್ ಎಂಬ 77 ಅಂಶಗಳ ಪಟ್ಟಿಯನ್ನು ಪೋಷಕರೇ ತುಂಬಬಹುದು. ಅಂಕ 0ರಿಂದ 179ರವರೆಗೆ, ಇಳಿದಷ್ಟೂ ಒಳ್ಳೆಯದು. ಆದರೆ ಒಟ್ಟು ಅಂಕಕ್ಕೆ ಮರುಳಾಗಬೇಡಿ. ನಮ್ಮ ಮಗಳ ನಿದ್ದೆ ಮತ್ತು ಮಲಬದ್ಧತೆ ಸರಿಹೋದಾಗ ಆರೋಗ್ಯದ ಭಾಗದಲ್ಲಿ ಅಂಕ ಇಳಿದು ಮೊತ್ತವೂ ಇಳಿಯಿತು, ಮಾತಿನ ಭಾಗ ಮಾತ್ರ ಇದ್ದಲ್ಲೇ ಇತ್ತು. ಪ್ರತಿ ಸಲವೂ ಅದೇ ವ್ಯಕ್ತಿ ತುಂಬಲಿ, ಹಿಂದಿನ ಹಾಳೆಯನ್ನು ನೋಡದೆ ತುಂಬಲಿ.

ಮಡಗಾಂವದಿಂದ ಒಬ್ಬ ತಾಯಿ:
ತಂಗಿ, ಫೀಸು ಕೊಟ್ಟು ಕಾಯುತ್ತಿರುವ ನಮ್ಮ ಕಣ್ಣಿಗೆ ಸುಧಾರಣೆ ಬೇಗ ಕಾಣುತ್ತದೆ. ಆದ್ದರಿಂದ ಪಟ್ಟಿಯ ಜೊತೆಗೆ ವೀಡಿಯೊ ಇರಲಿ. ನಮ್ಮ ಗೋವಾದಲ್ಲಿ ಮತ್ತು ರಾವಲ್ಪಿಂಡಿಯಲ್ಲಿ 65 ಮಕ್ಕಳೊಂದಿಗೆ ನಡೆದು 2015ರಲ್ಲಿ ಪ್ರಕಟವಾದ, ಪೋಷಕರ ಮೂಲಕ ನೀಡುವ ಆಟಿಸಂ ಚಿಕಿತ್ಸೆಯನ್ನು ಪರೀಕ್ಷಿಸಿದ ಪಾಸ್ ಎಂಬ ಅಧ್ಯಯನದಲ್ಲಿಯೂ ಪೋಷಕರು ಮಗುವಿನೊಡನೆ ಆಡುವುದನ್ನು ಚಿತ್ರಿಸಿ, ಯಾರಿಗೆ ಯಾವ ಚಿಕಿತ್ಸೆ ಎಂದು ತಿಳಿಯದವರಿಂದ ಅಳೆಸಿದ್ದರು. ಆ ಚಿಕಿತ್ಸೆ ಪಡೆದವರಲ್ಲಿ ಮಗು ತಾನಾಗಿ ಸಂವಹನಕ್ಕೆ ತೊಡಗುವುದು ಹೆಚ್ಚಿತು, ಆದರೆ ಇಬ್ಬರೂ ಒಂದೇ ವಸ್ತುವಿನಲ್ಲಿ ಗಮನವಿಟ್ಟ ಸಮಯ ಕಡಿಮೆಯಾಯಿತು. ಒಂದು ಏರಿ ಇನ್ನೊಂದು ಇಳಿಯುವುದು ಹೀಗೆ. ನಾನು ಮೊಬೈಲನ್ನು ಕಪಾಟಿನ ಮೇಲಿಟ್ಟು, ಅದೇ ಚಾಪೆ, ಅದೇ ಆಟಿಕೆಗಳೊಂದಿಗೆ ತಿಂಗಳಿಗೊಮ್ಮೆ ಹತ್ತು ನಿಮಿಷ ಚಿತ್ರಿಸುತ್ತೇನೆ. ನಾವು ಕರೆಯದೆ ಮಗ ಎಷ್ಟು ಸಲ ವಸ್ತು ತಂದು ತೋರಿಸಿದ ಎಂಬುದನ್ನು ಬೆಂಗಳೂರಿನಲ್ಲಿರುವ ನನ್ನ ಅಕ್ಕ ಎಣಿಸುತ್ತಾಳೆ. ಯಾವ ತಿಂಗಳ ವೀಡಿಯೊ ಎಂದು ಅವಳಿಗೆ ಹೇಳುವುದಿಲ್ಲ.

ನಿಮ್ಮ ಅತ್ತೆಯವರ ಮಾತನ್ನೂ ತಳ್ಳಿಹಾಕಬೇಡಿ. ಸೆಂಟರಿನಲ್ಲಿ ಹಿಂದಿಯಲ್ಲಿ ಕೇಳಿದ್ದಕ್ಕೆ ಸ್ಪಂದಿಸುವ ಮಗು ಮನೆಯ ಕನ್ನಡಕ್ಕೆ ತಿರುಗಿಯೂ ನೋಡದಿರಬಹುದು. ಕಲಿತದ್ದು ಇನ್ನೂ ಮನೆಗೆ ಬಂದಿಲ್ಲವೆಂದು ಥೆರಪಿಸ್ಟರಿಗೆ ತಿಳಿಸಿದರೆ ಅವರು ಗುರಿಯನ್ನು ಬದಲಿಸುತ್ತಾರೆ.

ಪಣಜಿಯಿಂದ ಇನ್ನೊಬ್ಬರು:
ಅಳೆಯುತ್ತಿರುವಾಗ ಹೊಸ ಪಥ್ಯ, ಹೊಸ ಔಷಧಿ, ಹೊಸ ಶಾಲೆ ಎಲ್ಲವನ್ನೂ ಒಟ್ಟಿಗೆ ಆರಂಭಿಸಬೇಡಿ. ಅನಿವಾರ್ಯವಾದರೆ ಆರಂಭಿಸಿದ ದಿನಾಂಕವನ್ನು ಅದೇ ಹಾಳೆಯಲ್ಲಿ ಬರೆದಿಡಿ.