‘ಚಿತ್ರಗಳನ್ನು ಒಟ್ಟಿಗೆ ಬಿಡಿಸಿ’: ಈ ಸಾಲು ಸರಿಯಾ?

ಎಲ್ಲರಿಗೂ ನಮಸ್ಕಾರ. ಒಂದು ಸಾಲಿನ ಕನ್ನಡ ಬೇಕಾಗಿದೆ. ಹತ್ತಾರು ಫೈಲುಗಳನ್ನು ಒಂದೇ ಕಮಾಂಡಿನಲ್ಲಿ ಡಿಕೋಡ್ ಮಾಡುವುದು, ಅಂದರೆ ಸಂಕೇತದಿಂದ ಮೊದಲಿನ ರೂಪಕ್ಕೆ ತರುವುದು ಹೇಗೆ ಎಂದು ಸಣ್ಣ ಟಿಪ್ಪಣಿ ತಯಾರಾಗುತ್ತಿದೆ. ಕಮಾಂಡಿನಲ್ಲಿ ತೊಂದರೆ ಇಲ್ಲ. ಅದರ ಮೇಲೆ ಬರೆಯಬೇಕಾದ ತಲೆಬರಹದಲ್ಲೇ ಸಿಕ್ಕಿಬಿದ್ದಿದ್ದೇವೆ.

ಉಡುಪಿಯಲ್ಲಿ ನಾವು ಕೆಲವರು ಯಕ್ಷಗಾನದ ಹಳೆ ಫೋಟೊ ಒಟ್ಟುಮಾಡುತ್ತಿದ್ದೇವೆ. ಹಿರಿಯರೊಬ್ಬರು ತಮ್ಮ ಹಳೆ ಮೇಲ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರು. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ಹಾಕುತ್ತಿರುವ ವೇಷಧಾರಿಗಳ ಫೋಟೊ ಅದರಲ್ಲಿದೆ ಎಂದು ಹೇಳಿದ್ದರು. ತೆರೆದರೆ ಪುಟಗಟ್ಟಲೆ ಇಂಗ್ಲಿಷ್ ಅಕ್ಷರ, ಅಂಕಿ, ನಡುನಡುವೆ ಓರೆಗೀಟು. ಹಿಂದೆ ಮೇಲ್ ವ್ಯವಸ್ಥೆ ಕಟ್ಟಿದ್ದೇ ಸಾದಾ ಇಂಗ್ಲಿಷ್ ಪಠ್ಯ ಸಾಗಿಸಲಿಕ್ಕೆ. ಫೋಟೊ ಹಾಗೇ ಕಳಿಸಿದರೆ ದಾರಿಯಲ್ಲಿ ಕೆಡುತ್ತಿತ್ತು. ಅದಕ್ಕೆ ಫೋಟೊಗೆ ಅಕ್ಷರಗಳ ವೇಷ ಹಾಕಿ ಕಳಿಸುತ್ತಿದ್ದರು. ಮೂರು ಬೈಟ್ ತೆಗೆದುಕೊಂಡು ನಾಲ್ಕು ಅಕ್ಷರ ಮಾಡುವುದು, ಅಷ್ಟೇ. ಗಾತ್ರ ಮೂರನೇ ಒಂದು ಪಾಲು ಜಾಸ್ತಿ ಆಗುತ್ತದೆ, ಆದರೆ ಕೆಡದೆ ತಲುಪುತ್ತದೆ. ನಮಗೆ ಸಿಕ್ಕಿದ್ದರಲ್ಲಿ ಹೆಚ್ಚಿನವು ಬೇಸ್64 ಎಂಬ ಬಗೆಯ ವೇಷ. ತೀರಾ ಹಳೆಯವು ಯುಯುಎನ್‌ಕೋಡ್. ಮೇರಿ ಆ್ಯನ್ ಹಾರ್ಟನ್ 1980ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬರೆದ ಸಲಕರಣೆ ಅದು.

ಗುಂಪಿನಲ್ಲಿರುವ ಒಬ್ಬ ಹುಡುಗ ಇದನ್ನೆಲ್ಲ ಕಮಾಂಡು ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಕೂತು ಸಲೀಸಾಗಿ ಮಾಡಿದ. ಉಳಿದವರಿಗೂ ಗೊತ್ತಿರಲಿ ಎಂದು ಕನ್ನಡದಲ್ಲಿ ಬರೆದಿಟ್ಟ. ಅವನ ತಲೆಬರಹ: ‘ಚಿತ್ರಗಳನ್ನು ಒಟ್ಟಿಗೆ ಬಿಡಿಸಿ.’ ನಮ್ಮಲ್ಲಿ ನಿವೃತ್ತ ಡ್ರಾಯಿಂಗ್ ಮಾಷ್ಟ್ರು ಒಬ್ಬರಿದ್ದಾರೆ. ಕನ್ನಡಕ ಏರಿಸಿ ಓದಿ, “ಯಾರ ಒಟ್ಟಿಗೆ ಮಾರಾಯಾ? ನನಗೆ ಈಗ ಕೈ ನಡುಗುತ್ತದೆ, ನೀನೇ ಬಿಡಿಸು” ಅಂದರು.

“ಡ್ರಾಯಿಂಗ್ ಅಲ್ಲ ಮಾಷ್ಟ್ರೇ, ಡಿಕೋಡು” ಅಂದ ಹುಡುಗ.

“ಹಾಗಾದ್ರೆ ಹಾಗೇ ಬರಿ!”

ಮಾಷ್ಟ್ರು ನಗುತ್ತಾ ಹೇಳಿದ್ದು ಹೌದು. ಆದರೆ ಅವರು ಹಿಡಿದ ಎರಡು ಪದಗಳೂ ನಿಜಕ್ಕೂ ತೊಡಕಿನವೇ. ‘ಬಿಡಿಸು’ ಒಂದು, ‘ಒಟ್ಟಿಗೆ’ ಇನ್ನೊಂದು.

‘ಬಿಡಿಸು’ ನನಗೆ ಇಷ್ಟದ ಪದ. ಒಗಟು ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಹಲಸಿನ ಸೊಳೆ ಬಿಡಿಸುತ್ತೇವೆ. ಒಳಗೆ ಏನೋ ಇದೆ, ಹೊರಗೆ ತೊಡಕಿದೆ, ತೊಡಕು ಹೋದರೆ ಒಳಗಿನದು ಕೈಗೆ ಬರುತ್ತದೆ. ಡಿಕೋಡ್ ಅಂದರೆ ಇದೇ ಅಲ್ವಾ? ‘ಸಂಕೇತ ಬಿಡಿಸು’ ಎಂದರೆ ಯಾರಿಗೂ ಗೊಂದಲ ಆಗುವುದಿಲ್ಲ. ‘ಫೈಲು ಬಿಡಿಸು’ ಎಂದರೂ ನಡೆಯುತ್ತದೆ. ಆದರೆ ಒಳಗಿರುವುದು ಫೋಟೊ ಎಂದು ‘ಚಿತ್ರ ಬಿಡಿಸು’ ಎಂದಿರೋ, ಪೆನ್ಸಿಲ್ ಹುಡುಕುತ್ತಾರೆ. ಕ್ರಿಯಾಪದ ಒಂದೇ, ಮುಂದೆ ಕೂತ ಪದ ಬದಲಾದರೆ ಅರ್ಥ ಪೂರ್ತಿ ಮಗುಚುತ್ತದೆ. ‘ಫೋಟೊ ಬಿಡಿಸು’ ಎಂದರೆ ಸ್ವಲ್ಪ ವಾಸಿ, ಆದರೂ ಫ್ರೇಮಿನಿಂದ ಬಿಡಿಸುವ ಹಾಗೆ ಕೇಳುತ್ತದೆ.

ಬೇರೆ ಪದಗಳೂ ಚರ್ಚೆಗೆ ಬಂದವು. ‘ಫೈಲು ಒಡೆ’ ಬೇಡವೇ ಬೇಡ. ದೊಡ್ಡ ಫೈಲನ್ನು ತುಂಡು ಮಾಡುವುದಕ್ಕೆ ಆ ಪದ ಬೇಕು. ‘ಬಿಚ್ಚು’ ಚೆನ್ನಾಗಿದೆ, ಆದರೆ ಅದನ್ನು ಜಿಪ್ ಫೈಲಿಗೆ ಇಟ್ಟುಕೊಳ್ಳೋಣ ಅನ್ನುವುದು ನನ್ನ ಅಭಿಪ್ರಾಯ. ಕಟ್ಟಿದ್ದನ್ನು ಬಿಚ್ಚುವುದು. ‘ವಿಸಂಕೇತಿಸು’ ಎಂದು ಒಬ್ಬರು ಸೂಚಿಸಿದರು. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಬಾಯಿಗೆ ಬರುವುದಿಲ್ಲ. ಫೋನಿನಲ್ಲಿ ಯಾರಿಗಾದರೂ ‘ಆ ಫೈಲನ್ನು ವಿಸಂಕೇತಿಸಿ’ ಎಂದು ಹೇಳಿ ನೋಡಿ, ಗೊತ್ತಾಗುತ್ತದೆ.

‘ಗೂಢಲಿಪಿ’ ಎಂಬ ಪದಕ್ಕೆ ಮಾತ್ರ ನನ್ನ ಗಟ್ಟಿ ವಿರೋಧ ಇದೆ. ಬೇಸ್64ರಲ್ಲಿ ಗುಟ್ಟು ಏನೂ ಇಲ್ಲ. ಕೀಲಿ ಬೇಡ, ಪಾಸ್‌ವರ್ಡ್ ಬೇಡ, ನಿಯಮ ಗೊತ್ತಿದ್ದರೆ ಯಾರು ಬೇಕಾದರೂ ಬಿಡಿಸಬಹುದು. ಗೂಢ ಅಂದ ಕೂಡಲೇ ಜನ ಇದು ಭದ್ರವಾಗಿದೆ ಎಂದುಕೊಳ್ಳುತ್ತಾರೆ. ನಾಳೆ ಪಾಸ್‌ವರ್ಡನ್ನೇ ಬೇಸ್64 ಮಾಡಿ ಇಟ್ಟು ನಿಶ್ಚಿಂತೆಯಿಂದ ಮಲಗುತ್ತಾರೆ. ‘ಗೂಢಲಿಪಿ’ ಕೀಲಿ ಹಾಕಿ ಗುಟ್ಟು ಬಿಡಿಸುವ ಡಿಕ್ರಿಪ್ಟ್‌ಗೆ ಬೇಕಾದ ಪದ, ಅಲ್ಲೇ ಇರಲಿ.

ಗುಟ್ಟು ಇಲ್ಲ ಎಂದೆನಲ್ಲ, ಅದನ್ನು ಕಣ್ಣಾರೆ ನೋಡಬಹುದು. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಬಿಡಿ ಅಕ್ಷರಕ್ಕೂ, ಕೊಂಬು ಹಲಂತಗಳಿಗೂ ಮೂರು ಬೈಟ್. ಬೇಸ್64 ಮೂರು ಬೈಟಿಗೆ ನಾಲ್ಕು ಚಿಹ್ನೆ ಕೊಡುತ್ತದೆ. ಹಾಗಾಗಿ ಒಂದು ಬಿಡಿ ಕನ್ನಡ ಅಕ್ಷರಕ್ಕೆ ಸರಿಯಾಗಿ ನಾಲ್ಕು ಚಿಹ್ನೆ! ‘ಕ’ ಎಂದರೆ 4, ಎಲ್, ಕೆ, ವಿ. ‘ನ’ ಎಂದರೆ 4, ಎಲ್, ಕೆ, ಸಣ್ಣ ಓ. ‘ಡ’ ಎಂದರೆ 4, ಎಲ್, ಕೆ, ಸಣ್ಣ ಎಚ್. ಶುರು ಯಾವಾಗಲೂ 4, ಎಲ್. ಮೂರನೆಯದು ವ್ಯಂಜನಕ್ಕೆ ಕೆ. ಕೊಂಬಿಗೆ, ಒತ್ತಕ್ಷರದ ನಡುವೆ ಕೂರುವ ಹಲಂತಕ್ಕೆ ದೊಡ್ಡ ಓ. ‘ಕನ್ನಡ’ ಎಂಬ ಪದ ಕಂಪ್ಯೂಟರಿಗೆ ಐದು ತುಂಡು: ಕ, ನ, ಹಲಂತ, ನ, ಡ. ಬೇಸ್64ರಲ್ಲಿ ಇಪ್ಪತ್ತು ಚಿಹ್ನೆ. ನಡುವೆ ಒಂದು ಖಾಲಿ ಜಾಗ ಬಂದರೆ ಅದು ಒಂದೇ ಬೈಟ್ ಆದ್ದರಿಂದ ಲೆಕ್ಕ ಸರಿದು, ಮುಂದಿನ ಪದಕ್ಕೆ ಬೇರೆಯೇ ರೂಪ ಬರುತ್ತದೆ. ಕನ್ನಡ ಮೇಲ್‌ನ ವಿಷಯದ ಸಾಲು ಕೆಟ್ಟು ಕಾಣಿಸಿದಾಗ ‘ಯುಟಿಎಫ್-8, ಬಿ’ ಎಂದಾದ ಮೇಲೆ 4, ಎಲ್, ಕೆ ಎಂದು ಕಂಡರೆ ಅದು ಕನ್ನಡವೇ ಎಂದು ಧೈರ್ಯವಾಗಿ ಹೇಳಬಹುದು. ಜೆಪೆಗ್ ಫೋಟೊ ಆದರೆ ಓರೆಗೀಟು, 9, ಸಣ್ಣ ಜೆ, ಮತ್ತೆ ಓರೆಗೀಟು ಎಂದು ಶುರುವಾಗುತ್ತದೆ. ನಮ್ಮ ಮಾಷ್ಟ್ರಿಗೆ ಇದು ತುಂಬಾ ಹಿಡಿಸಿತು. ಈಗ ಫೈಲು ತೆರೆದು ಮೊದಲ ಸಾಲು ನೋಡಿಯೇ “ಇದು ಫೋಟೊ, ಇದು ಕಾಗದ” ಎಂದು ಬೇರೆ ಮಾಡಿ ಕೊಡುತ್ತಾರೆ.

ಇಲ್ಲೇ ಇನ್ನೊಂದು ಗೊಂದಲ. ಬಿಡಿಸಿದ ಮೇಲೂ ಕೆಲವು ಕಾಗದಗಳು ಅರ್ಥವಿಲ್ಲದ ಇಂಗ್ಲಿಷ್ ಗೀಚಿನ ಹಾಗೆಯೇ ಕಾಣುತ್ತವೆ. ಅವು ಯುನಿಕೋಡ್‌ಗೆ ಮುಂಚಿನವು, ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆ ಫಾಂಟಿನಲ್ಲಿ ಬರೆದವು. ಜನ “ಡಿಕೋಡ್ ಆಗಲಿಲ್ಲ” ಅನ್ನುತ್ತಾರೆ. ಆಗಿದೆ. ಇನ್ನು ಬೇಕಾದ್ದು ಫಾಂಟಿನಿಂದ ಯುನಿಕೋಡ್‌ಗೆ ಬದಲಿಸುವುದು. ಎರಡಕ್ಕೂ ಒಂದೇ ಪದ ಬಳಸಿದರೆ ಎಲ್ಲಿ ಸಿಕ್ಕಿಕೊಂಡಿದ್ದೇವೆ ಎಂದೇ ತಿಳಿಯುವುದಿಲ್ಲ. ಮೊದಲನೆಯದು ‘ಬಿಡಿಸು’, ಎರಡನೆಯದು ‘ಬದಲಿಸು’ ಎಂದು ಇಟ್ಟುಕೊಂಡಿದ್ದೇವೆ.

ಈಗ ‘ಒಟ್ಟಿಗೆ’. ನನ್ನ ಮುಖ್ಯ ತಕರಾರು ಇದರ ಮೇಲೆ.

ನಮ್ಮ ಕರಾವಳಿಯಲ್ಲಿ ‘ಒಟ್ಟಿಗೆ’ ಅಂದರೆ ಮೊದಲು ಹೊಳೆಯುವುದು ‘ಜೊತೆಗೆ’. ಬೆಂಗಳೂರಿನವರು ‘ಅವನ ಜೊತೆ ಹೋದೆ’ ಅನ್ನುವ ಕಡೆ ನಾವು ‘ಅವನ ಒಟ್ಟಿಗೆ ಹೋದೆ’ ಅನ್ನುತ್ತೇವೆ. ತುಳುವಿನ ‘ಎನ್ನೊಟ್ಟುಗು ಬಲ’ (ನನ್ನ ಜೊತೆ ಬಾ) ಕಿವಿಯಲ್ಲಿ ಇರುವವರಿಗೆ ಇದು ಇನ್ನೂ ಸಹಜ. ಮಾಷ್ಟ್ರು “ಯಾರ ಒಟ್ಟಿಗೆ” ಎಂದು ಕೇಳಿದ್ದು ಅದಕ್ಕೇ. ಘಟ್ಟದ ಮೇಲಿನವರಿಗೆ ಈ ಪ್ರಶ್ನೆ ಏಳಲಿಕ್ಕಿಲ್ಲ. ಅವರಿಗೂ ಬೇರೆ ಗೊಂದಲ ತಪ್ಪಿದ್ದಲ್ಲ. ಫೈಲುಗಳನ್ನು ‘ಒಟ್ಟಿಗೆ ಡಿಕೋಡ್ ಮಾಡು’ ಎಂದರೆ ಟರ್ಮಿನಲ್‌ನಲ್ಲಿ ಮೂರು ಬೇರೆ ಕೆಲಸಗಳಾಗಬಹುದು.

ಒಂದೇ ಕಮಾಂಡು ಕೊಟ್ಟು, ಫೈಲುಗಳನ್ನು ಒಂದಾದ ಮೇಲೆ ಒಂದು ಬಿಡಿಸುವುದು ಮೊದಲನೆಯ ರೀತಿ. ನಮಗೆ ಬೇಕಾದದ್ದು ಇದೇ. ಯುಯುಎನ್‌ಕೋಡ್ ಆದದ್ದನ್ನು ಬಿಡಿಸುವ, ಶಾರ್‌ಯುಟಿಲ್ಸ್ ಪ್ಯಾಕೇಜಿನ ಯುಯುಡಿಕೋಡ್‌ಗೆ ಎಷ್ಟು ಹೆಸರು ಕೊಟ್ಟರೂ ಒಂದೊಂದಾಗಿ ನುಂಗುತ್ತದೆ. ‘ಎಲ್ಲ ಫೈಲು’ ಎಂಬುದಕ್ಕೆ ಸ್ಟಾರ್ ಹಾಕಿ ಬಿಟ್ಟರೆ ಸಾಕು. ಲಿನಕ್ಸ್‌ನ ಬೇಸ್64 ಕಮಾಂಡು ಹಾಗಲ್ಲ. ಅದಕ್ಕೆ ಒಂದು ಸಲಕ್ಕೆ ಒಂದೇ ಫೈಲು. ಸ್ಟಾರ್ ಹಾಕಿ ಹತ್ತು ಹೆಸರು ಕೊಟ್ಟರೆ ಎರಡನೇ ಹೆಸರಿಗೇ ತಕರಾರು ತೆಗೆಯುತ್ತದೆ. ಅದು ಕೊಡುವ ‘ಎಕ್ಸ್‌ಟ್ರಾ ಆಪರೆಂಡ್’ ಎಂಬ ಸಂದೇಶಕ್ಕೆ ಹುಡುಗ ‘ಹೆಚ್ಚುವರಿ ಕಾರ್ಯಪದ’ ಎಂದು ಬರೆದಿದ್ದ. ‘ಹೆಸರು ಜಾಸ್ತಿಯಾಯಿತು’ ಎಂದರೆ ಸಾಲದೇ? ಇರಲಿ, ಬೇಸ್64 ಕಮಾಂಡಿಗಾಗಿ ಫಾರ್ ಲೂಪ್ (ಒಂದೇ ಕೆಲಸವನ್ನು ಮತ್ತೆಮತ್ತೆ ಮಾಡಿಸುವ ಸಾಲು) ಬರೆಯಬೇಕು. ಒಂದೊಂದೇ ಫೈಲಿನ ಹೆಸರು ಹಿಡಿದು, ಸಣ್ಣ ಡಿ ಆಯ್ಕೆ ಕೊಟ್ಟು, ಬಂದದ್ದನ್ನು ಅದೇ ಹೆಸರಿನ ಜೆಪೆಗ್ ಫೈಲಿಗೆ ಕಳಿಸುವುದು. ಕಳಿಸದಿದ್ದರೆ ಫೋಟೊದ ಬೈಟ್‌ಗಳೆಲ್ಲ ಪರದೆಯ ಮೇಲೆ ಸುರಿಯುತ್ತವೆ. ಹಳೆಯ ಮ್ಯಾಕ್ ಆದರೆ ಸಣ್ಣ ಡಿ ಬದಲು ದೊಡ್ಡ ಡಿ. ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಇದು ಬಲ್ಲವರಿಗೆ ಹೊಸತಲ್ಲ, ಬಿಡಿ.

ಎರಡನೆಯ ರೀತಿಯಲ್ಲಿ ನಿಜವಾಗಿಯೂ ಒಂದೇ ಹೊತ್ತಿಗೆ ನಾಲ್ಕಾರು ಫೈಲುಗಳ ಕೆಲಸ ನಡೆಯುತ್ತದೆ. ಎಕ್ಸ್‌ಆರ್ಗ್ಸ್ ಎಂಬ ಕಮಾಂಡಿಗೆ ಸಣ್ಣ ಎನ್ ಆಯ್ಕೆಯ ಜೊತೆ ದೊಡ್ಡ ಪಿ ಆಯ್ಕೆ ಕೊಟ್ಟರೆ ಹಾಗೆ ಮಾಡುತ್ತದೆ. ‘ಏಕಕಾಲಕ್ಕೆ’ ಎಂಬ ಪದ ಇದಕ್ಕೆ ಸರಿಯಾಗಿ ಒಪ್ಪುತ್ತದೆ. ಮೊದಲನೆಯದಕ್ಕೂ ಅದನ್ನೇ ಹಾಕುವವರಿದ್ದಾರೆ, ಅದು ಸರಿಯಲ್ಲ.

ಮೂರನೆಯದು, ತುಂಡುಗಳನ್ನು ಸೇರಿಸಿ ಒಂದು ಫೋಟೊ ಮಾಡುವುದು. ಹಿಂದೆ ದೊಡ್ಡ ಫೈಲು ಒಂದೇ ಮೇಲ್‌ನಲ್ಲಿ ಹೋಗುತ್ತಿರಲಿಲ್ಲ, ತುಂಡು ಮಾಡಿ ಕಳಿಸುತ್ತಿದ್ದರು. ಮೊದಲ ತುಂಡಿನಲ್ಲಿ ‘ಬಿಗಿನ್’, ಕೊನೆಯದರಲ್ಲಿ ‘ಎಂಡ್’, ನಡುವಿನವಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ. ನಡುವಿನ ತುಂಡನ್ನು ಮಾತ್ರ ಯುಯುಡಿಕೋಡ್‌ಗೆ ಕೊಟ್ಟರೆ ಬಿಗಿನ್ ಸಾಲು ಸಿಗಲಿಲ್ಲ ಎಂದು ಸುಮ್ನೆ ಕೂರುತ್ತದೆ. ಯುಯುಡೀವ್ಯೂ ಎಂಬ ಸಲಕರಣೆ ತುಂಡುಗಳನ್ನು ತಾನೇ ಹುಡುಕಿ ಸಾಲಾಗಿಟ್ಟು ಬಿಡಿಸುತ್ತದೆ. ಬೇಸ್64 ಇದ್ದರೂ ಆದೀತು. ಒಂದೊಂದಕ್ಕೂ ಬಿಡಿಸಲೇ ಬೇಡವೇ ಎಂದು ಕೇಳುತ್ತಾ ಕೂರಬಾರದು ಎಂದಿದ್ದರೆ ಸಣ್ಣ ಐ ಆಯ್ಕೆ ಕೊಡಬೇಕು. ‘ಒಟ್ಟಿಗೆ ಬಿಡಿಸು’ ಎಂಬುದು ಅಕ್ಷರಶಃ ಒಪ್ಪುವುದು ಇದಕ್ಕೆ ಮಾತ್ರ. ‘ಒಟ್ಟುಮಾಡಿ ಬಿಡಿಸು’ ಎಂದರೆ ಇನ್ನೂ ಚೊಕ್ಕ.

ಹಾಗಾದರೆ ಮೊದಲನೆಯದಕ್ಕೆ ಏನು ಹೇಳುವುದು? ‘ಸಾಮೂಹಿಕವಾಗಿ’ ಎಂದರೆ ಸಾಮೂಹಿಕ ವಿವಾಹ ನೆನಪಾಗುತ್ತದೆ. ‘ಸಾರಾಸಗಟಾಗಿ’ ಎಂದರೆ ತಿರಸ್ಕಾರವೇ ಮುಂದೆ ಬರುತ್ತದೆ, ಬೇಡಿಕೆಯನ್ನು ಸಾರಾಸಗಟಾಗಿ ತಳ್ಳಿಹಾಕಿದರು ಅನ್ನುವ ಹಾಗೆ. ‘ಒಂದೇ ಏಟಿಗೆ’ ಮಾತಿನಲ್ಲಿ ಚೆನ್ನ, ಟಿಪ್ಪಣಿಗೆ ಸ್ವಲ್ಪ ಜಾಸ್ತಿಯಾಯಿತು. ‘ಒಂದೇ ಸಲಕ್ಕೆ’ ಪರವಾಗಿಲ್ಲ. ಮಂಗಳೂರಿನವರು ‘ಒಂದೇ ಸರ್ತಿಗೆ’ ಎಂದು ಓದಿಕೊಳ್ಳುತ್ತಾರೆ, ಅರ್ಥ ಕೆಡುವುದಿಲ್ಲ. ಆದರೆ ಅದು ಅರ್ಧ ಮಾತ್ರ ಹೇಳುತ್ತದೆ. ಕಮಾಂಡು ಒಂದೇ ಎಂದು ಗೊತ್ತಾಗುತ್ತದೆ. ಫೋಟೊಗಳು ಬೇರೆಬೇರೆಯಾಗಿ ಬರುತ್ತವೋ, ಎಲ್ಲ ಸೇರಿ ಒಂದೇ ಫೈಲಾಗುತ್ತದೋ ಎಂದು ಗೊತ್ತಾಗುವುದಿಲ್ಲ.

ನನಗೆ ಅನ್ನಿಸುವುದು, ಇಲ್ಲಿ ಹೊಸ ಪದವೇ ಬೇಡ. ಕನ್ನಡದಲ್ಲಿ ಪದವನ್ನು ಎರಡು ಸಲ ಹೇಳಿದರೆ ಹಂಚಿಕೆಯ ಅರ್ಥ ಸುಮ್ನೆ ಬಂದುಬಿಡುತ್ತದೆ. ‘ಮಕ್ಕಳಿಗೆ ಲಾಡು ಕೊಡು’ ಎಂದರೆ ಎಷ್ಟು ಎಂದು ಕೇಳಬೇಕು. ‘ಒಂದೊಂದು ಲಾಡು ಕೊಡು’ ಎಂದರೆ ಕೇಳುವ ಹಾಗೇ ಇಲ್ಲ. ಹಾಗೆಯೇ, ‘ಒಂದೇ ಕಮಾಂಡಿನಲ್ಲಿ ಎಲ್ಲ ಫೈಲು ಬಿಡಿಸಿ: ಒಂದೊಂದು ಫೈಲಿಗೆ ಒಂದೊಂದು ಫೋಟೊ.’ ‘ಒಂದೇ’ ಕಮಾಂಡಿಗೆ, ‘ಒಂದೊಂದು’ ಫಲಿತಾಂಶಕ್ಕೆ. ತಲೆಬರಹಕ್ಕೆ ಉದ್ದ ಆಯಿತು ಎಂದು ಹುಡುಗನ ಆಕ್ಷೇಪ. ಉದ್ದವಾದರೂ ಯಾರೂ ಪೆನ್ಸಿಲ್ ಹುಡುಕುವುದಿಲ್ಲವಲ್ಲ.

ಇನ್ನೊಂದು ಚಿಕ್ಕ ಸಾಲಿಗೂ ಸಹಾಯ ಬೇಕು. ಯುಯುಡಿಕೋಡ್ ಹೊರಗಿನ ಹೆಸರನ್ನು ಲೆಕ್ಕಕ್ಕೆ ಇಡುವುದಿಲ್ಲ. ಒಳಗೆ ‘ಬಿಗಿನ್ 644’ ಎಂಬುದರ ಮುಂದೆ ಯಾವ ಹೆಸರಿದೆಯೋ ಅದೇ ಹೆಸರಲ್ಲಿ ಫೋಟೊ ಇಡುತ್ತದೆ. ಹತ್ತು ಮೇಲ್‌ಗಳಲ್ಲಿ ಹತ್ತು ಫೋಟೊಗಳಿಗೂ ‘ಫೋಟೊ.ಜೆಪಿಜಿ’ ಎಂದೇ ಹೆಸರಿಟ್ಟಿದ್ದರೆ, ಕೊನೆಗೆ ಉಳಿಯುವುದು ಒಂದೇ. ಆಗುವ ನಷ್ಟಕ್ಕೆ ಹುಡುಗ ‘ಹಳೆ ಫೈಲಿನ ಮೇಲೆ ಬರೆಯುತ್ತದೆ’ ಎಂದು ಎಚ್ಚರಿಕೆ ಹಾಕಿದ್ದಾನೆ. ಓದಿದವರಿಗೆ ಫೋಟೊದ ಮೇಲೆ ಏನೋ ಅಕ್ಷರ ಬರುತ್ತದೆ ಎಂದೇ ಅನ್ನಿಸುತ್ತದೆ. ‘ಹಳೆಯದು ಅಳಿಸಿಹೋಗಿ ಆ ಜಾಗಕ್ಕೆ ಹೊಸದು ಬರುತ್ತದೆ’ ಎಂದು ನಾನು ತಿದ್ದಿದ್ದೇನೆ. ಒಂದೇ ಕ್ರಿಯಾಪದದಲ್ಲಿ ಇದನ್ನು ಹೇಳುವ ಪದ ನಿಮ್ಮ ಕಡೆ ಬಳಕೆಯಲ್ಲಿ ಇದೆಯಾ? ‘ಒಟ್ಟಿಗೆ’ ಎಂದರೆ ಘಟ್ಟದ ಮೇಲೆ ನಿಮಗೆ ಮೊದಲು ಯಾವ ಅರ್ಥ ಹೊಳೆಯುತ್ತದೆ, ಅದನ್ನೂ ಬರೆಯಿರಿ. ಟಿಪ್ಪಣಿ ಇನ್ನೂ ಅಚ್ಚಿಗೆ ಹೋಗಿಲ್ಲ.