ಹೂ ಹೇಗೆ ಕೂತಿದೆ ನೋಡಿ: ಸಸ್ಯಶಾಸ್ತ್ರದ ಮೇಡಂಗೆ ಪ್ರಶ್ನೆಗಳು

ಅಡ್ಮಿನ್, ಧಾರವಾಡ: ಇವತ್ತಿನ ವಿಷಯ ಪುಷ್ಪಮಂಜರಿ. ಅಂದರೆ ಗಿಡದಲ್ಲಿ ಹೂಗಳು ಜೋಡಿಸಿಕೊಂಡಿರುವ ಬಗೆ. ಮೇಡಂ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಫಾರ್ವರ್ಡ್ ಬೇಡ, ಕೈಮುಗಿದು ಕೇಳ್ಕೋತೀನಿ.

ಪಿಯುಸಿ ವಿದ್ಯಾರ್ಥಿನಿ, ಗದಗ: ಮೇಡಂ, ರೆಸಿಮೋಸ್, ಸೈಮೋಸ್ ಬಾಯಿಪಾಠ ಮಾಡಿದ್ದೇನೆ. ಗಿಡದ ಮುಂದೆ ನಿಂತರೆ ಒಂದೂ ಗೊತ್ತಾಗಲ್ಲ.

ಮೇಡಂ: ಯಾವ ಹೂ ಮೊದಲು ಅರಳಿದೆ ನೋಡಮ್ಮ. ಕಕ್ಕೆ ಮರದ ಹಳದಿ ಗೊಂಚಲಲ್ಲಿ ಬುಡದ ಹೂ ಅರಳಿರುತ್ತದೆ, ತುದಿಯಲ್ಲಿ ಇನ್ನೂ ಮೊಗ್ಗು. ಅದು ರೆಸಿಮೋಸ್. ಮಲ್ಲಿಗೆಯಲ್ಲಿ ಮೂರು ಮೊಗ್ಗು ಒಟ್ಟಿಗೆ ಇರುವುದನ್ನು ಹುಡುಕು. ನಡುವಿನದು ಮೊದಲು ಅರಳುತ್ತದೆ. ಕಡ್ಡಿಯ ತುದಿಯೇ ಹೂವಾಗಿಬಿಟ್ಟಿತು, ಮುಂದೆ ಬೆಳೆಯುವುದೆಲ್ಲಿಗೆ? ಅದಕ್ಕೇ ಅಕ್ಕಪಕ್ಕ ಮೊಗ್ಗು. ಅದು ಸೈಮೋಸ್.

ಸದಸ್ಯ, ರಾಣೆಬೆನ್ನೂರು: ಸೂರ್ಯಕಾಂತಿ ಒಂದೇ ಹೂ ಅಲ್ವಾ?

ಮೇಡಂ: ಅಲ್ಲ, ನೂರಾರು ಹೂಗಳ ತಟ್ಟೆ. ಸುತ್ತ ಹಳದಿ ಎಸಳಿನ ಹಾಗೆ ಕಾಣುವುದು ಒಂದೊಂದೂ ಒಂದು ಹೂ. ಅವು ಕಾಳು ಕಟ್ಟುವುದಿಲ್ಲ. ನಡುವಿನ ಪುಟ್ಟ ಹೂಗಳೇ ಕಾಳಾಗುವುದು. ಹೆಸರು ಕ್ಯಾಪಿಟ್ಯುಲಂ. ಕುಸುಬಿ, ಸೇವಂತಿ, ಚೆಂಡು ಹೂ ಎಲ್ಲ ಇದೇ ಬಗೆ.

ಸದಸ್ಯೆ, ಲಕ್ಷ್ಮೇಶ್ವರ: ಉಳ್ಳಾಗಡ್ಡಿ ಹೂವಿಗೆ ಏನಂತಾರೆ? ಮತ್ತೆ ನಮ್ಮ ಬ್ರಹ್ಮಕಮಲ ಎರಡು ವರ್ಷದಿಂದ ಹೂ ಬಿಟ್ಟಿಲ್ಲ.

ಮೇಡಂ: ಅಂಬೆಲ್. ಕೊಡೆಯ ಕಡ್ಡಿಗಳ ಹಾಗೆ ಎಲ್ಲ ತೊಟ್ಟೂ ಒಂದೇ ಜಾಗದಿಂದ ಹೊರಟಿರುತ್ತವೆ. ಕೊತ್ತಂಬರಿ, ಸಬ್ಬಸಿಗೆಯಲ್ಲಿ ಕೊಡೆಯ ಮೇಲೆ ಪುಟ್ಟ ಪುಟ್ಟ ಕೊಡೆ.

ತೋಟದವರು, ಕಲಘಟಗಿ: ಮೇಡಂ, ನಮ್ಮ ಆಪೂಸ್ ಮರದಲ್ಲಿ ಎರಡು ಕೊಂಬೆಯ ಹೂ ಹೂಕೋಸಿನ ಹಾಗೆ ಮುದ್ದೆಯಾಗಿದೆ. ಉಳಿದವು ಚೆನ್ನಾಗಿವೆ. ಹಿಂಗು, ಹುಳಿ ಮಜ್ಜಿಗೆ, ಸ್ವಲ್ಪ ಡೀಸೆಲ್ ಸೇರಿಸಿ ಹೊಡೆಯಿರಿ ಅಂತ ಒಂದು ಮೆಸೇಜ್ ಬಂದಿದೆ. ಹೊಡೆಯಲಾ?

ಮೇಡಂ: ಡೀಸೆಲ್ ಹೊಡೆಯಬೇಡಿ! ಎಲೆ, ಹೂ ಎರಡೂ ಸುಡುತ್ತವೆ.

ನಿಮ್ಮ ಫೋಟೋ ಎರಡು ಸಲ ದೊಡ್ಡದು ಮಾಡಿ ನೋಡಿದೆ. ಮಾವಿನ ಹೂ ಪ್ಯಾನಿಕಲ್. ನಡುವೆ ಉದ್ದನೆಯ ದಂಟು, ಅದಕ್ಕೆ ಕವಲು, ಕವಲಿಗೆ ಮತ್ತೆ ಕವಲು. ಗಾಳಿ ಆಡುವಷ್ಟು ಬಿಡಿಬಿಡಿಯಾಗಿರಬೇಕು. ನಿಮ್ಮದರಲ್ಲಿ ದಂಟು ಗಿಡ್ಡವಾಗಿ ದಪ್ಪಗಾಗಿದೆ, ಕವಲೆಲ್ಲ ಒತ್ತೊತ್ತಾಗಿ ಕೂತಿವೆ. ಮಾವಿನಲ್ಲಿ ಒಂದೇ ಗೊಂಚಲಲ್ಲಿ ಗಂಡು ಹೂವೂ ಇರುತ್ತವೆ, ದ್ವಿಲಿಂಗಿ ಹೂವೂ ಇರುತ್ತವೆ. ಕಾಯಿ ಕಟ್ಟುವುದು ದ್ವಿಲಿಂಗಿ ಹೂ ಮಾತ್ರ. ಇಂಥ ಮುದ್ದೆಯಲ್ಲಿ ಹೆಚ್ಚಿನವು ಗಂಡು ಹೂವೇ. ಕಾಯಿ ಕಟ್ಟಲ್ಲ, ಉದುರುವುದೂ ಇಲ್ಲ. ಕಪ್ಪಗೆ ಒಣಗಿ ತಿಂಗಳುಗಟ್ಟಲೆ ನೇತಾಡುತ್ತದೆ.

ನೋಡಿದರೆ ಮ್ಯಾಂಗೋ ಮಾಲ್‌ಫಾರ್ಮೇಶನ್ ಅನಿಸುತ್ತದೆ. ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ರೋಗ. ಉತ್ತರ ಭಾರತದ ತೋಟಗಳಲ್ಲಿ ಇದರ ಕಾಟ ಜಾಸ್ತಿ, ನಮ್ಮ ಕಡೆ ಕಡಿಮೆ. ಅದಕ್ಕೇ ನನಗೆ ಸಮಾಧಾನವಿಲ್ಲ. ಮುದ್ದೆಯ ಕೆಳಗೆ ಒಂದು ಗೇಣು ಒಳ್ಳೆಯ ಕೊಂಬೆ ಸೇರಿಸಿ ಕತ್ತರಿಸಿ. ಮರದ ಬುಡದಲ್ಲಿ ಬಿಸಾಡಬೇಡಿ, ಸುಟ್ಟುಹಾಕಿ. ಕತ್ತರಿಯನ್ನು ಪ್ರತಿ ಸಲ ಸ್ಪಿರಿಟ್ ಹಚ್ಚಿ ಒರೆಸಿ. ಆ ಮರದಿಂದ ಕಸಿಗೆ ಯಾರಿಗೂ ಕಡ್ಡಿ ಕೊಡಬೇಡಿ. ಸುಡುವ ಮುಂಚೆ ಒಂದನ್ನು ಕವರಿನಲ್ಲಿ ಕಟ್ಟಿಕೊಂಡು ಕೃಷಿ ವಿಶ್ವವಿದ್ಯಾಲಯದಲ್ಲಿ ತೋರಿಸಿ. ಸಸಿ ಎಲ್ಲಿಂದ ತಂದಿರಿ? ಚಿಗುರಿನಲ್ಲೂ ಪುಟ್ಟ ಎಲೆಗಳ ಗುಚ್ಛ ಕಾಣುತ್ತಿದೆಯಾ?

ಸದಸ್ಯ, ಅಣ್ಣಿಗೇರಿ: ಸೂರ್ಯಕಾಂತಿ ಒಂದು ಹೂವೋ, ಹಲವೋ?

ಮೇಡಂ: ಮೇಲೆ ಓದಿ.

ರೈತ, ನವಲಗುಂದ: ಜೋಳದ ತೆನೆ ಸ್ಪೈಕ್ ಅಲ್ವಾ?

ಮೇಡಂ: ಅಲ್ಲ, ಪ್ಯಾನಿಕಲ್. ಗೋಧಿಯದು ಸ್ಪೈಕ್.

ರೈತ, ನವಲಗುಂದ: ಅಜ್ಜನ ಕಾಲದಿಂದ ಜೋಳ ಬಿತ್ತುತ್ತಿದ್ದೇವ್ರೀ. ತೆನೆ ಅಂದರೆ ತೆನೆ.

ಮೇಡಂ: ತೆನೆ ಅನ್ನಿ, ಯಾರು ಬೇಡ ಅಂದರು? ಸೀತನಿ ತಿನ್ನುವಾಗ ಒಂದು ತೆನೆ ಮುರಿದು ನೋಡಿ. ಹೊರಗೆ ಮುದ್ದೆ, ಒಳಗೆ ಸಣ್ಣ ಸಣ್ಣ ಕವಲು. ಗೋಧಿಯಲ್ಲಿ ಕವಲಿಲ್ಲ, ದಂಟಿಗೇ ಅಂಟಿಕೊಂಡಿರುತ್ತದೆ.

ಕನ್ನಡ ಮಾಸ್ತರು, ಹಾವೇರಿ: ಪುಷ್ಪಮಂಜರಿ ಯಾಕೆ? ಹೂಗೊಂಚಲು ಅನ್ನಬಹುದಲ್ಲ.

ಸದಸ್ಯ, ಹುಬ್ಬಳ್ಳಿ: ಸೂರ್ಯಕಾಂತಿ ತಟ್ಟೆಗೆ ಗೊಂಚಲು ಅಂತೀರಾ ಸರ್? ದ್ರಾಕ್ಷಿ ಏನು ಅದು?

ಕನ್ನಡ ಮಾಸ್ತರು, ಹಾವೇರಿ: ಮಂಜರಿ ಅಂದರೆ ತಟ್ಟೆ ಅಂತ ಅರ್ಥವೇ? ನಿಘಂಟು ತೆರೆದು ಮಾತಾಡಿ.

ಸದಸ್ಯ, ಹುಬ್ಬಳ್ಳಿ: ಪರೀಕ್ಷೆಗೆ ಕೂರುವ ಮಕ್ಕಳಿಗೆ ನಿಘಂಟಿನಿಂದ ಅಂಕ ಬರಲ್ಲ.

ಸದಸ್ಯ, ಕುಂದಗೋಳ: (ಫಾರ್ವರ್ಡ್) ಅತ್ತಿ ಹೂ ನಡುರಾತ್ರಿ ಅರಳುತ್ತದೆ, ಕಂಡವರ ಮನೆಗೆ ಲಕ್ಷ್ಮಿ ಬರ್ತಾಳೆ. ಎಕ್ಕದ ಹಾಲು ಎರಡು ಹನಿ ಬಿಟ್ಟರೆ ಕಣ್ಣಿನ ಪೊರೆ ಕರಗುತ್ತದೆ.

ಮೇಡಂ: ಎಕ್ಕದ ಹಾಲು ಕಣ್ಣಿಗೆ ಬಿಡಬೇಡಿ! ಕಣ್ಣಿನ ಪಾರದರ್ಶಕ ಪದರ ಊದಿಕೊಂಡು ದೃಷ್ಟಿ ಮಂಜಾಗುತ್ತದೆ. ನೋವು ಅಷ್ಟಾಗಿ ಇರದ ಕಾರಣ ಜನ ಔಷಧಿ ಹತ್ತಿತು ಅಂದುಕೊಳ್ಳುತ್ತಾರೆ. ಹನಿ ಬಿದ್ದರೆ ಕೂಡಲೇ ನೀರಿನಲ್ಲಿ ಚೆನ್ನಾಗಿ ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಅತ್ತಿ ಹೂ ನೋಡಲು ರಾತ್ರಿ ಕಾಯಬೇಕಿಲ್ಲ, ಕಾಯಿ ಸೀಳಿ. ಒಳಗೋಡೆ ತುಂಬ ಇರುವುದೇ ಹೂ. ಆ ಮೆಸೇಜ್ ಅಳಿಸಿ.

ಸದಸ್ಯ, ಕುಂದಗೋಳ: ಹಿರಿಯರು ಹೇಳಿದ್ದೆಲ್ಲ ಸುಳ್ಳೇನ್ರೀ?

ಮೇಡಂ: ಹಿರಿಯರು ವಾಟ್ಸಾಪ್‌ನಲ್ಲಿ ಹೇಳಲಿಲ್ಲ.

ಸದಸ್ಯೆ, ಲಕ್ಷ್ಮೇಶ್ವರ: ಮೇಡಂ, ಬ್ರಹ್ಮಕಮಲ?

ಸದಸ್ಯ, ಬ್ಯಾಡಗಿ: ಸೂರ್ಯಕಾಂತಿ ಬಗ್ಗೆ ಸ್ವಲ್ಪ ಹೇಳಿ.

ಅಡ್ಮಿನ್, ಧಾರವಾಡ: ಅಣ್ಣಾ, ಮೇಲೆ ಓದ್ರಿ.

ತೋಟದವರು, ಕಲಘಟಗಿ: ಕತ್ತರಿಸಿದೆ ಮೇಡಂ, ಒಂದು ಎತ್ತಿಟ್ಟಿದ್ದೇನೆ. ಚಿಗುರು ಸರಿಯಾಗಿವೆ. ಆದರೆ ಬಾವಿ ಕಡೆಯ ಮರದಲ್ಲೂ ಒಂದು ಮುದ್ದೆ ಸಿಕ್ಕಿತು. ಎರಡೂ ಒಂದೇ ನರ್ಸರಿಯಿಂದ ತಂದ ಸಸಿ.

ಮೇಡಂ: ಅಲ್ಲಿಂದ ಒಟ್ಟು ಎಷ್ಟು ಸಸಿ ತಂದಿರಿ? ಅಷ್ಟೂ ಮರ ಇವತ್ತೇ ನೋಡಿ. ಇಲ್ಲಿ ಬೇಡ, ನನಗೆ ಫೋನ್ ಮಾಡಿ.